ಗಾಜಿನ ಕಡಲಿನ ಜ್ವರ

ಉಪ್ಪುನೀರಿನ ತೊಟ್ಟಿಯೊಂದರ ಉಷ್ಣತೆಯನ್ನು ಕುರಿತು ವಾರ್ಷಿಕ ಸಂಚಿಕೆಗೆ ಬರೆಯುತ್ತೇನೆಂದು ಹೇಳಿದಾಗ ನಮ್ಮ ವಿದ್ಯಾರ್ಥಿ ಸಂಪಾದಕರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ‘ಇದು ವಿಜ್ಞಾನದ ಕಾಲೇಜಿನವರಿಗೆ ಬಿಡಬೇಕಾದ ವಿಷಯವಲ್ಲವೇ?’ ಎಂದರು. ನಾನು ಇತಿಹಾಸದ ವಿದ್ಯಾರ್ಥಿ. ಶಾಸನದ ತೇದಿಯನ್ನು ತಪ್ಪಿಲ್ಲದೆ ಎತ್ತಿಕೊಳ್ಳುವುದಕ್ಕೂ ಥರ್ಮಾಮೀಟರಿನ ಅಂಕಿಯನ್ನು ದಿನ ಬಿಡದೆ ಬರೆದಿಡುವುದಕ್ಕೂ ಬೇಕಾದ ಬುದ್ಧಿ ಒಂದೇ ಎಂದು ವಾದಿಸಿ ಅವರನ್ನು ಒಪ್ಪಿಸಿದೆ. ವಾದಕ್ಕೆ ಒಪ್ಪಿದರೋ, ಪುಟ ತುಂಬಬೇಕಾಗಿತ್ತೋ, ಅದು ಅವರಿಗೇ ಗೊತ್ತು.

ಬೆಂಗಳೂರಿನಲ್ಲಿ ನಾನಿರುವುದು ಸೋದರಮಾವನ ಮನೆಯಲ್ಲಿ. ಅವರ ನಡುಮನೆಯಲ್ಲಿ ೨೦೦ ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಸಾಮಾನ್ಯವಾಗಿ ಮನೆಗಳಲ್ಲಿ ಕಾಣುವ ಸಿಹಿನೀರಿನ ತೊಟ್ಟಿಯಲ್ಲ ಅದು. ಲೀಟರೊಂದಕ್ಕೆ ೩೫ ಗ್ರಾಮಿನಷ್ಟು ಲವಣ ಬೆರೆಸಿ ಮಾಡಿದ ಕೃತಕ ಸಮುದ್ರ. ಅದರಲ್ಲಿ ಕಿತ್ತಳೆ ಮೈಯ, ಬಿಳಿಪಟ್ಟೆಯ ಎರಡು ಕ್ಲೌನ್ ಮೀನುಗಳಿವೆ. ಅಣಬೆಯ ಕೊಡೆಯಂತೆ ಅರಳುವ ಒಂದು ಮೆದು ಹವಳವೂ, ಗುಂಡಿಗಳನ್ನು ಸಾಲಾಗಿ ಹೊಲಿದಿಟ್ಟಂತೆ ಬಂಡೆಯ ಮೇಲೆ ಹಬ್ಬುವ ಅದರ ನೆಂಟರೂ ಇದ್ದಾರೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಆ ನೀರಿನ ಉಷ್ಣತೆಯನ್ನು ನೋಡಿ ನೋಟುಪುಸ್ತಕದಲ್ಲಿ ಬರೆಯುವುದು ಊಟ ವಸತಿಗಳಿಗೆ ಪ್ರತಿಯಾಗಿ ನನಗೆ ವಹಿಸಿರುವ ಕೆಲಸ. ಎರಡು ವರ್ಷದಿಂದ ಬರೆಯುತ್ತ ಬಂದಿದ್ದೇನೆ. ನನ್ನ ಅಭಿಪ್ರಾಯವೇನಿದ್ದರೂ ಆ ಪುಸ್ತಕದಿಂದ ಹುಟ್ಟಿದ್ದು.

ಅಭಿಪ್ರಾಯ ಇಷ್ಟು. ಮನೆಯಲ್ಲಿ ಕಡಲನ್ನು ಇಟ್ಟುಕೊಳ್ಳಬೇಕೆಂಬ ಆಸೆಯುಳ್ಳವರು ಎಲ್ಲಕ್ಕಿಂತ ಮೊದಲು ಒಂದು ಒಳ್ಳೆಯ ಥರ್ಮಾಮೀಟರನ್ನು ಕೊಳ್ಳಬೇಕು. ಆಮೇಲೆ ತೊಟ್ಟಿಗೆ ಬರಿಯ ಉಪ್ಪುನೀರು ತುಂಬಿ, ಪಂಪು ದೀಪಗಳನ್ನು ಹಚ್ಚಿ, ಜೀವವೊಂದನ್ನೂ ಬಿಡದೆ, ಒಂದು ಬೇಸಗೆಯನ್ನು ಪೂರ್ತಿಯಾಗಿ ಕಳೆಯಬೇಕು. ಏಪ್ರಿಲ್ ಮಧ್ಯಾಹ್ನ ಆ ನೀರು ಎಲ್ಲಿಗೆ ಏರುತ್ತದೆ, ಜನವರಿಯ ಬೆಳಗಿನಲ್ಲಿ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಕಂಡ ಮೇಲಷ್ಟೆ ಜೀವಿಗಳನ್ನು ತರಬೇಕು. ಅಥವಾ ತರದೆ ಇರಬೇಕು. ಜನ ಮಾಡುವುದು ಇದರ ತಲೆಕೆಳಗು. ಭಾನುವಾರ ಮೀನು ತರುತ್ತಾರೆ, ಮುಂದಿನ ಭಾನುವಾರ ಹವಳ ತರುತ್ತಾರೆ, ಅದು ಬಾಡಿದ ಮೇಲೆ ಥರ್ಮಾಮೀಟರು ತರುತ್ತಾರೆ. ರೋಗಿ ತೀರಿಕೊಂಡ ಮೇಲೆ ಜ್ವರ ನೋಡಿದ ಹಾಗೆ.

ಒಂದೆರಡು ಡಿಗ್ರಿಗೆ ಇಷ್ಟು ಗಲಾಟೆಯೇ ಎಂದು ಕೇಳುವವರುಂಟು. ಹವಳವೆಂಬುದು ಏನೆಂದು ತಿಳಿದರೆ ಈ ಪ್ರಶ್ನೆ ಏಳುವುದಿಲ್ಲ. ಹವಳ ಗಿಡವಲ್ಲ, ಕಲ್ಲಲ್ಲ, ಪ್ರಾಣಿ. ಅದರ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಿಡಾರ ಹೂಡಿರುತ್ತವೆ. ಅವು ಬಿಸಿಲಿನಿಂದ ಅಡಿಗೆ ಮಾಡಿ ಯಜಮಾನನಿಗೆ ಬಡಿಸುತ್ತವೆ; ಯಜಮಾನ ಅವಕ್ಕೆ ನೆಲೆಯನ್ನೂ ಗೊಬ್ಬರವನ್ನೂ ಕೊಡುತ್ತಾನೆ. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲು ಈ ಬಿಡಾರದವರದೇ. ನೀರು ಹದ ಮೀರಿ ಕಾದಾಗ ಪಾಚಿಗಳ ಅಡಿಗೆಮನೆ ಕೆಡುತ್ತದೆ, ಅನ್ನದ ಬದಲು ನಂಜು ಹೊರಡುತ್ತದೆ, ಯಜಮಾನ ಅವುಗಳನ್ನು ಹೊರಕ್ಕೆ ತಳ್ಳುತ್ತಾನೆ. ಆಗ ಹವಳ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೆ ಸತ್ತಿತೆಂದಲ್ಲ. ಬೇಗ ತಂಪಾದರೆ ಪಾಚಿ ಮರಳಿ ಸೇರಬಹುದು. ತಡವಾದರೆ ಹಸಿವಿನಿಂದ ಸಾಯುತ್ತದೆ.

ಈ ‘ಹದ ಮೀರುವುದು’ ಎಷ್ಟಕ್ಕೆ ಎಂಬುದು ಕೇಳಿದವರನ್ನು ಬೆರಗುಗೊಳಿಸುವ ಸಂಗತಿ. ಒಂದು ಕಡೆಯ ಸಮುದ್ರದಲ್ಲಿ ವರ್ಷದ ಅತ್ಯಂತ ಬೆಚ್ಚನೆಯ ತಿಂಗಳಿನ ಸರಾಸರಿ ಉಷ್ಣತೆಗಿಂತ ಕೇವಲ ೧ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಿನ ಬಿಸಿ ನಾಲ್ಕು ವಾರ ನಿಂತರೆ ಸಾಕು, ಅಲ್ಲಿಯ ಹವಳ ಬಿಳಿಚತೊಡಗುತ್ತದೆ. ಎಂಟು ವಾರ ನಿಂತರೆ ಸಾವು ಕಾಣಿಸುತ್ತದೆ. ಉಪಗ್ರಹಗಳಿಂದ ಸಮುದ್ರವನ್ನು ಕಾಯುವ ವಿಜ್ಞಾನಿಗಳು ಇದೇ ಲೆಕ್ಕದಿಂದ ಎಚ್ಚರಿಕೆ ಕೊಡುತ್ತಾರೆ. ನಮ್ಮ ಲಕ್ಷದ್ವೀಪದ ಹವಳ ೧೯೯೮ರಲ್ಲಿ, ೨೦೧೦ರಲ್ಲಿ, ೨೦೧೬ರಲ್ಲಿ, ಮತ್ತೆ ೨೦೨೪ರಲ್ಲಿ ಹೀಗೆ ಬಿಳಿಚಿತು. ೨೦೨೪ರ ಏಪ್ರಿಲಿನಲ್ಲಿ, ಜಗತ್ತಿನ ಹವಳಗಳೆಲ್ಲ ಒಟ್ಟಿಗೆ ಬಿಳಿಚುವ ನಾಲ್ಕನೆಯ ಘಟನೆ ನಡೆಯುತ್ತಿದೆಯೆಂದು ವಿಜ್ಞಾನಿಗಳು ಸಾರಿದರು. ಲಕ್ಷದ್ವೀಪ ನಮಗೆ ಅಷ್ಟೇನೂ ದೂರದ್ದಲ್ಲ; ಅದರ ಅಮೀನದೀವಿ ದ್ವೀಪಗಳು ೧೯೫೬ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದೂ ಬೇಡ, ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಸುತ್ತ ಇಂದಿಗೂ ಹವಳವಿದೆ.

ಇಲ್ಲಿ ಕಾಯಿದೆಯ ಮಾತೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ, ಕಪ್ಪು ಹವಳವನ್ನೂ, ಬೀಸಣಿಗೆ ಹವಳವನ್ನೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಸೇರಿಸಿದರು. ಹುಲಿ ಆನೆಗಳಿರುವ ಪಟ್ಟಿ ಅದು. ಹೊರದೇಶದ ಪುಸ್ತಕಗಳಲ್ಲಿ ಮನೆಯೊಳಗಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಗಟ್ಟಿ ಹವಳ ತುಂಬಿರುವ ಚಿತ್ರ ನೋಡಿ ನಾವೂ ಹಾಗೆಯೇ ಮಾಡಹೊರಡುವುದು ಸಲ್ಲದು. ನಮ್ಮ ಮಾವನ ತೊಟ್ಟಿಯಲ್ಲಿರುವುದು ಮೆದು ಜಾತಿಗಳು ಮಾತ್ರ, ಬಂಡೆಯೂ ಮನುಷ್ಯ ಮಾಡಿದ್ದು. ಆದರೆ ಮೆದು ಹವಳದ ಮೈಯಲ್ಲಿಯೂ ಅದೇ ಪಾಚಿಯ ಸಂಸಾರ ಇರುವುದರಿಂದ ಬಿಸಿಯ ವಿಷಯದಲ್ಲಿ ಅದಕ್ಕೆ ರಿಯಾಯಿತಿಯೇನೂ ಇಲ್ಲ.

ಈಗ ತೊಟ್ಟಿಗೆ ಬರೋಣ. ಸಮುದ್ರಕ್ಕೂ ತೊಟ್ಟಿಗೂ ಇರುವ ಭೇದವೆಲ್ಲ ನೀರಿನ ಮೊತ್ತದಲ್ಲಿದೆ. ಸಮುದ್ರ ಒಂದು ಡಿಗ್ರಿ ಏರಲು ವಾರಗಟ್ಟಲೆ ಬಿಸಿಲು ಬೇಕು. ೨೦೦ ಲೀಟರಿನ ತೊಟ್ಟಿಗೆ ಒಂದು ಮಧ್ಯಾಹ್ನ ಸಾಕು. ಇದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ೧೮೭೧ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾರ್ವಜನಿಕ ಮತ್ಸ್ಯಾಲಯವನ್ನು ತೆರೆದಾಗ ಅದರ ಮೇಲ್ವಿಚಾರಕನಾದ ಡಬ್ಲ್ಯು. ಎ. ಲಾಯ್ಡ್ ಎಂಬಾತ ಜನ ನೋಡುವ ತೊಟ್ಟಿಗಳಿಗಿಂತ ದೊಡ್ಡದಾದ ನೀರಿನ ಸಂಗ್ರಹವನ್ನು ನೆಲದಡಿಯ ಕತ್ತಲೆಯಲ್ಲಿ ಇರಿಸಿ, ಅಲ್ಲಿಂದ ಮೇಲಕ್ಕೂ ಮೇಲಿಂದ ಅಲ್ಲಿಗೂ ನೀರು ಹರಿಯುವಂತೆ ಏರ್ಪಡಿಸಿದ. ಹೆಚ್ಚು ನೀರಿದ್ದಷ್ಟೂ ಉಷ್ಣತೆ ನಿಧಾನವಾಗಿ ಕದಲುತ್ತದೆ ಎಂಬುದೇ ಅದರ ಗುಟ್ಟು. ಇಂದು ಮನೆಯ ತೊಟ್ಟಿಯ ಕೆಳಗೆ ಮರದ ಕಪಾಟಿನಲ್ಲಿ ಇನ್ನೊಂದು ತೊಟ್ಟಿಯನ್ನು ಅಡಗಿಸಿಡುತ್ತಾರಲ್ಲ, ಅದು ಲಾಯ್ಡನ ನೆಲಮಾಳಿಗೆಯ ಮೊಮ್ಮಗು.

ನೀರಿಗೆ ಬಿಸಿ ಬರುವುದು ಕೋಣೆಯ ಗಾಳಿಯಿಂದ ಮಾತ್ರವಲ್ಲ. ಪಂಪು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ನೀರಿನಲ್ಲಿ ಶಾಖವಾಗಿಯೇ ಉಳಿಯುತ್ತದೆ. ನೀರಿನಲ್ಲಿ ಮುಳುಗಿರುವ ೪೦ ವಾಟಿನ ಪಂಪುಗಳು ಹಗಲಿರುಳು ತಿರುಗಿದರೆ, ಆ ಶಾಖ ಎಲ್ಲಿಗೂ ಹೋಗದಂತಿದ್ದ ಪಕ್ಷದಲ್ಲಿ, ೨೦೦ ಲೀಟರು ಉಪ್ಪುನೀರು ದಿನಕ್ಕೆ ೪ ಡಿಗ್ರಿ ಏರಬೇಕು. ಪುಣ್ಯಕ್ಕೆ ಗಾಜಿನ ಮೂಲಕವೂ ಆವಿಯ ಮೂಲಕವೂ ಬಹುಪಾಲು ಹೊರಕ್ಕೆ ಹೋಗುತ್ತದೆ. ಹಾಗಿದ್ದರೂ ಮುಚ್ಚಳ ಮುಚ್ಚಿದ ತೊಟ್ಟಿಯ ನೀರು ಕೋಣೆಯ ಗಾಳಿಗಿಂತ ಒಂದೆರಡು ಡಿಗ್ರಿ ಮೇಲೆಯೇ ನಿಂತಿರುವುದನ್ನು ನಾನು ಬರೆದಿಟ್ಟಿದ್ದೇನೆ. ಹಿಂದೆ ತೊಟ್ಟಿಯ ಮೇಲೆ ೨೫೦ ವಾಟಿನ ಹ್ಯಾಲೈಡ್ ದೀಪಗಳನ್ನು ತೂಗುಹಾಕುತ್ತಿದ್ದರು. ಅದು ಒಲೆಯ ಮೇಲೆ ಪಾತ್ರೆಯಿಡುವ ಬದಲು ಪಾತ್ರೆಯ ಮೇಲೆ ಒಲೆಯಿಟ್ಟಂತೆ. ಎಲ್. ಇ. ಡಿ. ದೀಪಗಳು ಬಂದು ಆ ಕಾಟ ಬಹಳ ತಗ್ಗಿದೆ.

ಹಾಗಾದರೆ ನೀರು ಎಷ್ಟಿರಬೇಕು? ಈ ಪ್ರಶ್ನೆಯಲ್ಲಿ ತೊಟ್ಟಿಯ ಭಕ್ತರು ಶೈವ ವೈಷ್ಣವರಂತೆ ಒಡೆದುಹೋಗಿದ್ದಾರೆ. ೨೫ ಎಂಬುದು ಒಂದು ಮತ. ೨೭ ಎಂಬುದು ಇನ್ನೊಂದು. ಮಾವನ ಸ್ನೇಹಿತರೊಬ್ಬರಿದ್ದಾರೆ, ಅವರ ನೀರು ೨೫.೫ರಿಂದ ದಶಾಂಶ ಎರಡು ಕದಲಿದರೆ ಅವರಿಗೆ ಊಟ ಸೇರುವುದಿಲ್ಲ. ಇನ್ನೊಬ್ಬರು, ‘ಬೇಸಗೆಯಲ್ಲಿ ಅರಬ್ಬೀ ಸಮುದ್ರವೇ ೩೦ ಡಿಗ್ರಿ ಇರುತ್ತದೆ ರೀ, ನೀವೇನು ಸಮುದ್ರಕ್ಕಿಂತ ದೊಡ್ಡವರೋ?’ ಎನ್ನುತ್ತಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರ್ಷಿಯದ ಕೊಲ್ಲಿಯ ಹವಳಗಳು ೩೪ ಡಿಗ್ರಿಯ ಬೇಸಗೆಯನ್ನು ತಡೆದುಕೊಂಡು ಬದುಕುತ್ತವೆ. ಅಮೆರಿಕನ್ ಸಮೋವದ ಓಫು ಎಂಬ ದ್ವೀಪದ ದಡದ ಮಡುಗಳಲ್ಲಿ ಒಂದೇ ದಿನದಲ್ಲಿ ನೀರು ೬ ಡಿಗ್ರಿಯಷ್ಟು ಏರಿಳಿಯುವುದುಂಟು. ಅಲ್ಲಿಯೂ ಹವಳ ಸೊಂಪಾಗಿದೆ.

ಆದರೆ ಈ ಉದಾಹರಣೆಗಳಿಂದ ಆ ಮಹನೀಯರು ತೆಗೆಯುವ ತೀರ್ಮಾನವನ್ನು ನಾನು ಒಪ್ಪಲಾರೆ. ಕೊಲ್ಲಿಯ ಹವಳ ಆ ಬಿಸಿಗೆ ಒಗ್ಗಿದ್ದು ಎಷ್ಟೋ ತಲೆಮಾರುಗಳ ಕಾಲದಲ್ಲಿ. ಒಗ್ಗದವು ಅಲ್ಲಿ ಉಳಿಯಲಿಲ್ಲ. ಅಂಗಡಿಯ ೨೬ ಡಿಗ್ರಿಯ ನೀರಿನಲ್ಲಿದ್ದು ನಮ್ಮ ಮನೆಗೆ ಬಂದ ಪ್ರಾಣಿಗೆ ಆ ವಂಶಾವಳಿಯಿಲ್ಲ. ಅಲ್ಲದೆ ಕಡಲಿಗೆ ಅಲೆಯಿದೆ, ಪ್ರವಾಹವಿದೆ. ನೀರು ಕಾದಷ್ಟೂ ಅದು ಹಿಡಿದುಕೊಳ್ಳಬಲ್ಲ ಆಮ್ಲಜನಕ ಕಡಮೆಯಾಗುತ್ತದೆ. ೨೫ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೬.೭ ಮಿಲಿಗ್ರಾಮಿದ್ದುದು ೩೦ರಲ್ಲಿ ೬.೨ಕ್ಕೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಮೀನಿಗೆ ಉಸಿರು ಹೆಚ್ಚು ಬೇಕಾಗುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ ಇದು. ರಾತ್ರಿ ಪಾಚಿಗಳೂ ಆಮ್ಲಜನಕ ಮಾಡುವುದನ್ನು ನಿಲ್ಲಿಸಿ ಉಸಿರಾಡುವುದಕ್ಕೆ ತೊಡಗಿದಾಗ ಕೊರತೆ ಇನ್ನೂ ಬಿಗಿಯಾಗುತ್ತದೆ.

ಹೀಗಾಗಿ ನನ್ನ ಪಕ್ಷ ನಡುವಿನದು. ೨೪ರಿಂದ ೨೭ರವರೆಗೆ ಎಲ್ಲಿಟ್ಟರೂ ತಕರಾರಿಲ್ಲ. ಬೇಸಗೆಯಲ್ಲಿ ೨೭, ಚಳಿಗಾಲದಲ್ಲಿ ೨೫ ಎಂದು ತಿಂಗಳುಗಳ ಮೇಲೆ ಮೆಲ್ಲಗೆ ಜಾರಿದರೂ ತಕರಾರಿಲ್ಲ. ಸಮುದ್ರವೂ ಹಾಗೆಯೇ ಮಾಡುತ್ತದೆ. ಬೆಳಿಗ್ಗೆ ೨೪, ಸಂಜೆ ೨೯ ಎಂಬ ತೂಗುಯ್ಯಾಲೆಯಷ್ಟೇ ಕೂಡದು. ದಶಾಂಶ ಎರಡಕ್ಕೆ ಊಟ ಬಿಡುವವರೂ, ೩೦ ಎಂದರೂ ನಿಶ್ಚಿಂತರಾಗಿರುವವರೂ ಇಬ್ಬರೂ ಅಂಕಿಯೊಂದನ್ನು ಪೂಜಿಸುತ್ತಿದ್ದಾರೆ. ಬೆಳಗಿನ ಅಂಕಿಗೂ ಸಂಜೆಯ ಅಂಕಿಗೂ ನಡುವಿನ ಅಂತರವನ್ನು ಇಬ್ಬರೂ ಕೇಳುವುದಿಲ್ಲ. ನನ್ನ ನೋಟುಪುಸ್ತಕದಲ್ಲಿ ಮೂರನೆಯ ಕಲಮು ಈ ಅಂತರಕ್ಕೇ ಮೀಸಲು. ಅದು ೧ ಡಿಗ್ರಿ ದಾಟಿದ ದಿನ ಮಾವನವರಿಗೆ ತಿಳಿಸುತ್ತೇನೆ.

ಅಂತರ ತಿಳಿಯಬೇಕಾದರೆ ಅಳೆಯುವ ಉಪಕರಣ ನಂಬುವಂಥದ್ದಾಗಿರಬೇಕು. ಗಾಜಿಗೆ ಹೊರಗಿನಿಂದ ಅಂಟಿಸುವ ಬಣ್ಣದ ಪಟ್ಟಿಯನ್ನು ನಾನು ಅಲಂಕಾರದ ಸಾಲಿಗೆ ಸೇರಿಸಿದ್ದೇನೆ. ಅದು ಅರ್ಧ ನೀರಿನ ಸುದ್ದಿ, ಅರ್ಧ ಕೋಣೆಯ ಸುದ್ದಿ ಹೇಳುತ್ತದೆ. ತಂತಿಯ ತುದಿಯ ಕಡ್ಡಿಯನ್ನು ನೀರಿನಲ್ಲಿ ಇಳಿಬಿಡುವ ಡಿಜಿಟಲ್ ಥರ್ಮಾಮೀಟರು ಒಳ್ಳೆಯದು. ಆದರೆ ಅದು ಬೆಳಗುವ ಅಂಕಿಯಲ್ಲಿ ಹೇಳುತ್ತದೆಂಬ ಮಾತ್ರಕ್ಕೆ ನಿಜ ಹೇಳುತ್ತದೆಂದು ತಿಳಿಯಬಾರದು. ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ಶುದ್ಧ ನೀರು ಹೊಯ್ದು, ಕಲಕಿ, ಕಡ್ಡಿಯನ್ನು ಅದರ ನಡುವೆ ಇಡಿ. ಸೊನ್ನೆ ತೋರಿಸಬೇಕು. ದಶಾಂಶ ಎಂಟು ತೋರಿಸಿದರೆ ಅಷ್ಟನ್ನು ಕಳೆಯುವುದೆಂದು ಅದರ ಬೆನ್ನಿಗೆ ಚೀಟಿ ಅಂಟಿಸಿ. ಮೇಲಿನ ತುದಿಯನ್ನು ನೋಡಬೇಕೆಂದಿದ್ದರೆ, ಉಗುರು ಬೆಚ್ಚಗಿನ ನೀರಿನಲ್ಲಿ ಮನೆಯ ಜ್ವರದ ಡಿಜಿಟಲ್ ಥರ್ಮಾಮೀಟರನ್ನೂ ಇದನ್ನೂ ಜೊತೆಗೆ ಮುಳುಗಿಸಿ ೩೭ರ ಸುಮಾರಿನಲ್ಲಿ ಹೋಲಿಸಬಹುದು. ಇದು ನಮ್ಮ ಅತ್ತೆಗೆ ಸಮ್ಮತವಿಲ್ಲದ ಪ್ರಯೋಗ, ಗುಟ್ಟಾಗಿ ಮಾಡತಕ್ಕದ್ದು. ಕುದಿಯುವ ನೀರಿನಿಂದ ಪರೀಕ್ಷೆ ಮಾಡಹೋಗಬೇಡಿ. ಉಪಕರಣ ಕೆಡುವುದು ಹಾಗಿರಲಿ, ಸಮುದ್ರಮಟ್ಟದಿಂದ ೯೦೦ ಮೀಟರು ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ೯೭ ಡಿಗ್ರಿಗೆ. ಥರ್ಮಾಮೀಟರು ಎರಡಿರಲಿ. ಒಂದೇ ಇದ್ದಾಗ ಅದು ಹೇಳಿದ್ದೇ ವೇದ. ಎರಡಿದ್ದಾಗ ಒಂದು ಸುಳ್ಳು ಹೇಳಿದರೆ ಜಗಳವಾದರೂ ಆಗುತ್ತದೆ.

ಇನ್ನು ತಂಪು ಮಾಡುವ ಬಗೆ. ಹೊರದೇಶದ ಪುಸ್ತಕಗಳು ಹೀಟರಿನಿಂದ ಆರಂಭವಾಗುತ್ತವೆ, ಏಕೆಂದರೆ ಆ ಪುಸ್ತಕ ಬರೆದವರ ಊರಿನಲ್ಲಿ ಹಿಮ ಬೀಳುತ್ತದೆ. ನಮಗೆ ಮೊದಲ ಅಧ್ಯಾಯವೇ ಬೇಸಗೆ. ಇದಕ್ಕೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಮಣ್ಣಿನ ಹೂಜಿಯೇ ದಾರಿ ತೋರಿಸುತ್ತದೆ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ತೊಟ್ಟಿಯ ಮುಚ್ಚಳ ತೆಗೆದು, ನೀರಿನ ಮೇಲ್ಮೈಯನ್ನು ಸವರುವಂತೆ ಒಂದು ಸಣ್ಣ ಫ್ಯಾನಿಟ್ಟರೆ ಅದೇ ಹೂಜಿ. ಒಂದು ಲೀಟರು ನೀರು ಆವಿಯಾದರೆ ಸುಮಾರು ೫೮೦ ಕಿಲೋಕ್ಯಾಲರಿ ಶಾಖ ಹೊರಟುಹೋಗುತ್ತದೆ. ೨೦೦ ಲೀಟರಿನ ತೊಟ್ಟಿಯಲ್ಲಿ ಅದು ೩ ಡಿಗ್ರಿಗೆ ಸಮ. ಕೆಲವು ನೂರು ರೂಪಾಯಿನ, ಹತ್ತು ವಾಟೂ ತಿನ್ನದ ಫ್ಯಾನು ಮಾಡುವ ಕೆಲಸವಿದು.

ಆದರೆ ಹೂಜಿಯ ಮಹಿಮೆ ಊರಿನ ಮೇಲೆ ನಿಂತಿದೆ. ಬಳ್ಳಾರಿಯ ಹೂಜಿಯ ನೀರು ಹಲ್ಲು ಜುಮ್ಮೆನ್ನಿಸುತ್ತದೆ, ಮಂಗಳೂರಿನದು ಹಾಗೇ ಇರುತ್ತದೆ. ಗಾಳಿ ಒಣಗಿದ್ದರೆ ಆವಿಗೆ ಜಾಗವುಂಟು. ತೇವ ತುಂಬಿದ್ದರೆ ಇಲ್ಲ. ಫ್ಯಾನಿನಿಂದ ನೀರನ್ನು ಎಷ್ಟು ಇಳಿಸಬಹುದೆಂಬುದಕ್ಕೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಅಂಕಿಯೇ ಗಡಿ. ಗಾಳಿ ೩೫ ಡಿಗ್ರಿಯಿದ್ದು ತೇವಾಂಶ ನೂರಕ್ಕೆ ೨೫ ಇರುವ ಒಣ ಮಧ್ಯಾಹ್ನದಲ್ಲಿ ಆ ಗಡಿ ಸುಮಾರು ೨೧. ಗಾಳಿ ೩೩ ಡಿಗ್ರಿಯೇ ಇದ್ದರೂ ತೇವಾಂಶ ೭೦ ಇರುವ ಕರಾವಳಿಯಲ್ಲಿ ಅದು ೨೮. ಅದರ ಮೇಲೆ ಪಂಪಿನ ಬಿಸಿ ಬೇರೆ. ಆದುದರಿಂದ ಬಯಲುಸೀಮೆಯವನಿಗೆ ಫ್ಯಾನು ಸಾಕಾಗುವಲ್ಲಿ ಕರಾವಳಿಯವನು ಚಿಲ್ಲರ್ ಯಂತ್ರಕ್ಕೆ ಹತ್ತಾರು ಸಾವಿರ ಸುರಿಯಬೇಕು. ಕಡಲ ದಂಡೆಯಲ್ಲಿರುವವನಿಗೇ ಮನೆಯೊಳಗೆ ಕಡಲನ್ನಿಡುವುದು ಹೆಚ್ಚು ಕಷ್ಟವೆಂಬ ಈ ವಿನೋದವನ್ನು ನನ್ನ ಮಂಗಳೂರಿನ ಸಹಪಾಠಿಗೆ ಹೇಳಿದಾಗ, ‘ನಮಗೆ ಯಾಕಪ್ಪ ಮನೆಯೊಳಗೆ? ಹತ್ತು ನಿಮಿಷ ನಡೆದರೆ ಆಯಿತು’ ಎಂದ. ಅವನ ಮಾತಿನಲ್ಲಿಯೂ ಸತ್ಯವಿದೆ.

ಫ್ಯಾನಿಗೆ ಒಂದು ಬೆಲೆಯಿದೆ. ಆವಿಯಾಗಿ ಹೋಗುವುದು ಸಿಹಿನೀರು ಮಾತ್ರ. ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಏಪ್ರಿಲಿನಲ್ಲಿ ನಮ್ಮ ತೊಟ್ಟಿ ದಿನಕ್ಕೆ ನಾಲ್ಕು ಲೀಟರು ಕುಡಿಯುತ್ತದೆ. ಒಂದು ವಾರ ಯಾರೂ ನೀರು ಸುರಿಯದಿದ್ದರೆ ಲವಣ ೩೫ರಿಂದ ೪೦ನ್ನು ದಾಟುತ್ತದೆ, ಬಿಸಿಯಿಂದ ಉಳಿದ ಜೀವ ಉಪ್ಪಿನಿಂದ ಹೋಗುತ್ತದೆ. ಆದ್ದರಿಂದ ದಿನವೂ, ಗಾಜಿನ ಮೇಲೆ ಎಳೆದಿರುವ ಗೆರೆಯವರೆಗೆ, ಶೋಧಿಸಿದ ಸಿಹಿನೀರನ್ನೇ ಸುರಿಯಬೇಕು. ಹೋದದ್ದು ಸಮುದ್ರದ ನೀರಲ್ಲವೇ ಎಂದು ಉಪ್ಪುನೀರು ಸುರಿಯುವವರನ್ನು ಕಂಡಿದ್ದೇನೆ.

ಚಿಲ್ಲರ್ ಇರುವವರು ನೆಮ್ಮದಿಯಾಗಿದ್ದಾರೆಂದು ಹೊರಗಿನವರ ಎಣಿಕೆ. ಆ ಯಂತ್ರ ಶಾಖವನ್ನು ನಾಶಮಾಡುವುದಿಲ್ಲ. ನೀರಿನಿಂದ ತೆಗೆದು ತನ್ನ ಬೆನ್ನಿನಿಂದ ಕೋಣೆಗೆ ಊದುತ್ತದೆ, ತನ್ನ ಶ್ರಮದ ಶಾಖವನ್ನೂ ಸೇರಿಸಿ. ಕಪಾಟಿನೊಳಗೆ ಅದನ್ನು ಮುಚ್ಚಿಟ್ಟರೆ ತಾನು ಊದಿದ ಬಿಸಿಯನ್ನು ತಾನೇ ಮತ್ತೆ ಕುಡಿಯುತ್ತ ಏದುಸಿರು ಬಿಡುತ್ತದೆ. ಕಿಟಕಿಯ ಬಳಿ ಇಡಬೇಕು. ಇನ್ನು ಬಾಟಲಿಯಲ್ಲಿ ನೀರು ಗಟ್ಟಿಮಾಡಿ ತೊಟ್ಟಿಯಲ್ಲಿ ತೇಲಿಬಿಡುವ ಉಪಾಯ ಎಲ್ಲರಿಗೂ ಗೊತ್ತು. ಒಂದು ಕಿಲೋ ಮಂಜುಗಡ್ಡೆ ೨೦೦ ಲೀಟರನ್ನು ಅರ್ಧ ಡಿಗ್ರಿಯಷ್ಟು ಮಾತ್ರ ಇಳಿಸುತ್ತದೆ. ಆಪತ್ತಿಗೆ ಆದೀತು, ದಿನಚರಿಗೆ ಆಗದು.

ಹೀಟರಿನ ವಿಷಯ ಚಿಕ್ಕದು, ಆದರೆ ಅಪಾಯ ದೊಡ್ಡದು. ಡಿಸೆಂಬರಿನ ಬೆಳಗಿನಲ್ಲಿ ಬೆಂಗಳೂರಿನ ಮನೆಗಳಿಗೂ ಅದು ಬೇಕು. ಹೀಟರಿನೊಳಗಿನ ಬಿಸಿಯನ್ನು ತಡೆಯುವ ಸ್ವಿಚ್ಚು ಕೆಡುವಾಗ, ಆರಿದ ಸ್ಥಿತಿಯಲ್ಲಿ ಕೆಟ್ಟರೆ ಪುಣ್ಯ. ಉರಿಯುವ ಸ್ಥಿತಿಯಲ್ಲಿ ಅಂಟಿಕೊಂಡರೆ ಕೇಳುವವರಿಲ್ಲ. ೨೦೦ ವಾಟಿನ ಹೀಟರು ೨೦೦ ಲೀಟರನ್ನು ಗಂಟೆಗೆ ಸುಮಾರು ೦.೯ ಡಿಗ್ರಿ ಏರಿಸಬಲ್ಲದು. ಮಾವನ ಪರಿಚಯದವರೊಬ್ಬರ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸರಿಯಿದ್ದ ತೊಟ್ಟಿ ಬೆಳಿಗ್ಗೆ ಮೀನಿನ ಸಾರಿನಂತಾಗಿತ್ತು. ಆರು ವರ್ಷ ಸಾಕಿದ ಮೀನುಗಳು. ಆ ಮನೆಯ ಮಗು ಎರಡು ದಿನ ಶಾಲೆಗೆ ಹೋಗಲಿಲ್ಲ. ಆದುದರಿಂದ ೨೦೦ ವಾಟಿನ ಒಂದರ ಬದಲು ೧೦೦ ವಾಟಿನ ಎರಡು ಹಾಕುವುದು ಲೇಸು. ಒಂದು ಅಂಟಿಕೊಂಡರೂ ಬಿಸಿ ಅರ್ಧ ವೇಗದಲ್ಲಿ ಏರುತ್ತದೆ, ಒಂದು ಸತ್ತರೂ ಇನ್ನೊಂದಿದೆ. ಅವುಗಳ ಮೇಲೆ ಪ್ರತ್ಯೇಕವಾದ ಕಂಟ್ರೋಲರನ್ನು ಕೂರಿಸಿ, ೨೫ಕ್ಕೆ ಹತ್ತಿ ೨೫.೫ಕ್ಕೆ ಆರುವಂತೆ ಮಾಡಿ, ಹೀಟರಿನ ಸ್ವಂತ ಸ್ವಿಚ್ಚನ್ನು ೨೬.೫ಕ್ಕೆ ತಿರುಗಿಸಿಡಬೇಕು. ಮೇಲಿನ ಕಾವಲುಗಾರ ನಿದ್ದೆ ಹೋದರೆ ಕೆಳಗಿನವ ಬಾಗಿಲು ಹಾಕುತ್ತಾನೆ. ಹತ್ತುವ ಆರುವ ಅಂಕಿಗಳನ್ನು ತೀರ ಹತ್ತಿರ ಇಡಬಾರದು. ನಿಮಿಷಕ್ಕೊಮ್ಮೆ ಟಕ್ ಎನ್ನುವ ಸ್ವಿಚ್ಚೇ ಬೇಗ ಅಂಟಿಕೊಳ್ಳುವುದು.

ಇಷ್ಟೆಲ್ಲ ಮಾಡಿದ ಮೇಲೆ ಕರೆಂಟು ಹೋಗುತ್ತದೆ. ಆಗ ಜನ ಮೊದಲು ಬಿಸಿಗೆ ಹೆದರುತ್ತಾರೆ. ಹೆದರಬೇಕಾದದ್ದು ಉಸಿರಿಗೆ. ನೀರು ಕಾಯಲು ಗಂಟೆಗಳು ಬೇಕು. ಅಲುಗಾಡದ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಅದಕ್ಕೆ ಮುಂಚೆಯೇ ತೀರುತ್ತದೆ. ಮನೆಯ ಯು. ಪಿ. ಎಸ್.ಗೆ ಟೆಲಿವಿಷನ್ನಿನ ಬದಲು ತೊಟ್ಟಿಯ ಒಂದು ಪಂಪನ್ನೂ ಫ್ಯಾನನ್ನೂ ಸೇರಿಸಲು ಒಪ್ಪದ ಮನೆಯಲ್ಲಿ ಈ ಹವ್ಯಾಸ ಬೇಡವೆಂದೇ ನನ್ನ ಖಚಿತವಾದ ಅಭಿಪ್ರಾಯ. ಇದು ಕಠೋರವೆಂದು ತೋರಬಹುದು. ಆದರೆ ಅಂಗಡಿಗಳಲ್ಲಿ ಮಾರುವ ಕಡಲ ಮೀನಿನ ಜಾತಿಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದ ಹಿಡಿದು ತಂದವೇ. ಕ್ಲೌನ್ ಮೀನನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮಲ್ಲೇ ಮರಿಮಾಡಿಸುವುದನ್ನು ಸಾಧಿಸಿರುವುದರಿಂದ ಅದನ್ನು ಸಾಕುವವನ ಹೊರೆ ಸ್ವಲ್ಪ ಹಗುರ. ಉಳಿದವುಗಳಿಗೆ ಬಿಸಿಯಾದಾಗ ಆಳದ ತಂಪಿಗೆ ಇಳಿಯುವ ಸ್ವಾತಂತ್ರ್ಯವೊಂದಿತ್ತು. ಅದನ್ನು ಕಸಿದುಕೊಂಡವರು ನಾವು. ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಅವು ಇಳಿಯುವುದೆಲ್ಲಿಗೆ?

ಇಂಥ ಮನೆಯವರು ಊರಿಗೆ ಹೋಗುವುದು ಹೇಗೆಂಬ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಮದುವೆಗಳೂ ಸೆಕೆಯೂ ಒಂದೇ ತಿಂಗಳಲ್ಲಿ ಬರುತ್ತವೆ. ಕಳೆದ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ತೀರ್ಥಹಳ್ಳಿಯ ಕಡೆ ಮದುವೆಗೆ ಹೊರಟಾಗ ಮಾವ ಪಕ್ಕದ ಮನೆಯ ನಿವೃತ್ತ ಮೇಷ್ಟರ ಕೈಗೆ ಬೀಗದ ಕೈಯನ್ನೂ ಒಂದು ಚೀಟಿಯನ್ನೂ ಕೊಟ್ಟರು. ಬೆಳಿಗ್ಗೆ ಸಂಜೆ ಅಂಕಿ ಬರೆಯುವುದು. ಗೆರೆಯವರೆಗೆ ಬಿಳಿ ಕ್ಯಾನಿನ ನೀರು ಸುರಿಯುವುದು. ೨೮ ದಾಟಿದರೆ ಫ್ರಿಜ್ಜಿನ ಮೇಲಿನ ಖಾನೆಯ ಬಾಟಲಿ ಬಿಡುವುದು, ಬಿಟ್ಟು ಫೋನ್ ಮಾಡುವುದು. ಮೀನು ಎಷ್ಟು ಕೇಳಿದರೂ ಊಟ ಒಂದೇ ಚಿಟಿಕೆ. ಮೇಷ್ಟರು ಚೀಟಿಯನ್ನು ಎರಡು ಸಲ ಓದಿ, ಅದರಲ್ಲಿದ್ದ ಒಂದು ಕಾಗುಣಿತವನ್ನು ತಿದ್ದಿ, ಜೇಬಿನಲ್ಲಿಟ್ಟುಕೊಂಡರು. ಐದು ದಿನಗಳಾದ ಮೇಲೆ ಬಂದು ನೋಟುಪುಸ್ತಕ ತೆರೆದೆವು. ಹತ್ತು ಸಾಲುಗಳೂ ತುಂಬಿದ್ದವು, ಗುಂಡಾದ ಅಕ್ಷರಗಳಲ್ಲಿ. ನಾಲ್ಕನೆಯ ದಿನದ ಸಂಜೆಯ ಸಾಲಿನಲ್ಲಿ ಹೀಗಿತ್ತು: ‘೪ ಗಂಟೆ. ೨೭.೩. ಕರೆಂಟು ೨ರಿಂದ ೩ರವರೆಗೆ ಇರಲಿಲ್ಲ, ಸಣ್ಣ ಪಂಪು ತಿರುಗುತ್ತಿತ್ತು. ನೀರು ನಾಲ್ಕು ಲೀಟರು ಹಾಕಿದೆ. ಮೀನು ಎರಡೂ ಇವೆ.’